ಐದನೇ ತಾರೀಕು

ನನ್ನ ತಲೆಯ ಮೇಲೆ ಗಾಜಿನೊಳಗೆ ವೀರಭದ್ರಯ್ಯನವರಿದ್ದಾರೆ.
ನೋಂದಾಯಿತ ಫಾರ್ಮಸಿಸ್ಟ್, ಎಂಬತ್ತನಾಲ್ಕನೇ ಇಸವಿ,
ಫೋಟೋದಲ್ಲಿ ಕಪ್ಪು ಮೀಸೆ, ಅಗಲ ಕಾಲರು.
ಕೆಳಗೆ ನಾನು, ಚಂಪಾವತಿ ಬಿ. ಟಿ.,
ಕಾಮಾಕ್ಷಿಪಾಳ್ಯದ ಎಂಟಡಿ ಅಂಗಡಿಯಲ್ಲಿ
ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತೂವರೆ
ಅವರ ಹೆಸರಿನ ನೆರಳಲ್ಲಿ ಸ್ಟ್ರಿಪ್ಪು ಕತ್ತರಿಸುತ್ತೇನೆ.

ನಾನೂ ಓದಿದ್ದೇನೆ.
ಲಗ್ಗೆರೆಯಲ್ಲಿ, ಪ್ಲೈವುಡ್ ಅಂಗಡಿಯ ಮೇಲೆ, ಎರಡನೇ ಮಹಡಿ.
ಕೆಳಗೆ ಗರಗಸ ಕೂಗಿದರೆ ಮೇಡಂ ಪಾಠ ನಿಲ್ಲಿಸುವರು,
ಅದು ನಿಂತರೆ ಇವರು ಶುರು.
ಹಾಗೆ ತುಂಡು ತುಂಡಾಗಿ ಕಲಿತೆ
ಪಿತ್ತಕೋಶ, ಮೂತ್ರಪಿಂಡ, ಅರ್ಧಾಯು:
ಮದ್ದು ಮೈಯೊಳಗೆ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು.
ತಪಾಸಣೆಯ ಹಿಂದಿನ ರಾತ್ರಿ ಟೆಂಪೊದಲ್ಲಿ ಬಂದ ತಕ್ಕಡಿಗಳನ್ನು
ನಾವೇ ಹೊತ್ತು ಮೇಲೇರಿಸಿದೆವು,
ಮಾರನೆಯ ಸಂಜೆ ನಾವೇ ಇಳಿಸಿದೆವು.
ಆಗಲೇ ತಿಳಿಯಬೇಕಿತ್ತು.
ಹತ್ತೊಂಬತ್ತರ ವಯಸ್ಸು; ಇದೂ ಪ್ರಾಕ್ಟಿಕಲ್ಲೇ ಅಂದುಕೊಂಡೆ.

ಕೌನ್ಸಿಲ್ಲಿನ ಕೌಂಟರಿನಲ್ಲಿದ್ದವರು ಒರಟರಲ್ಲ.
ಕೂತ್ಕೊಳ್ಳಿ ಅಂದರು. ನೀರು ಕೊಟ್ಟರು.
"ನೋಡಮ್ಮ, ಕೋರ್ಸು ನಡೆಸೋಕೆ ಅನುಮತಿ ಬೇರೆ,
ಪಾಸಾದವರನ್ನ ಫಾರ್ಮಸಿಸ್ಟ್ ಅನ್ನೋಕೆ ಒಪ್ಪಿಗೆ ಬೇರೆ.
ಮೊದಲನೇದು ನಿಮ್ಮ ಕಾಲೇಜಿಗಿತ್ತು.
ಎರಡನೇದು ನಿಮ್ಮ ಹಿಂದಿನ ಬ್ಯಾಚಿಗಿದೆ. ಮುಂದಿನದಕ್ಕೂ ಇದೆ."
ನಡುವಿನ ಸಾಲಿನ ಮೇಲೆ ಬೆರಳಿಟ್ಟರು. ಖಾಲಿ.
ಆ ಖಾಲಿಯಲ್ಲಿ ನಾವು ಮೂವತ್ತೇಳು ಜನ.
ಒಬ್ಬಳು ಸೀರೆ ಅಂಗಡಿಯಲ್ಲಿ ಮಡಿಕೆ ಬಿಚ್ಚುತ್ತಾಳೆ,
ಇಬ್ಬರು ಕೋರ್ಟಿಗೆ ಹೋಗಿದ್ದಾರೆ;
ತಾರೀಕು ಬರುತ್ತದೆ, ಹೋಗುತ್ತದೆ.

ಅಂಕಪಟ್ಟಿ ಸುಳ್ಳಲ್ಲ, ಎಪ್ಪತ್ತೆಂಟು ಪರ್ಸೆಂಟು.
ಅಪ್ಪ ಲೇತ್ ಮಿಷನ್ನಿನ ಮುಂದೆ ನಿಂತು ಕಟ್ಟಿದ ಫೀಸೂ ಸುಳ್ಳಲ್ಲ.

ಕಳೆದ ಆಷಾಢದಲ್ಲಿ ಒಂದು ಚೀಟಿ ಬಂತು.
ಕೀಲುನೋವಿನ ಅಜ್ಜಿ. ವಾರಕ್ಕೊಮ್ಮೆ ನುಂಗುವ ಮಾತ್ರೆಯನ್ನು
ದಿನಕ್ಕೊಮ್ಮೆ ಎಂದು ಬರೆದಿತ್ತು.
ನನ್ನ ಕೈ ತಣ್ಣಗಾಯಿತು. ನರ್ಸಿಂಗ್ ಹೋಮಿಗೆ ಫೋನ್ ಹಚ್ಚಿದೆ.
ಡಾಕ್ಟರು ಮೊದಲು ಕೇಳಿದ್ದು, "ನೀವು ಯಾರು ಮಾತಾಡ್ತಿರೋದು?"
ಗರಗಸ ನಿಂತ ಹಾಗೆ ಒಂದು ಕ್ಷಣ.
ಮೆಡಿಕಲ್ಸಿಂದ ಸಾರ್, ಅಂದೆ. ಹೆಸರು ಹೇಳಲಿಲ್ಲ.
"ಅಯ್ಯೋ, ವಾರಕ್ಕೊಮ್ಮೆ, ವಾರಕ್ಕೊಮ್ಮೆ!"
ಅಜ್ಜಿ ನಾಲ್ಕು ರೂಪಾಯಿ ಚಿಲ್ಲರೆಗೆ ಜಗಳ ತೆಗೆದು ಹೋದಳು.

ನಿನ್ನೆ ಎದುರು ಬೇಕರಿಯವರ ಮಗಳು ಬಂದಿದ್ದಳು,
ಪಿಯುಸಿ ಮುಗಿದಿದೆ, ಕೈಯಲ್ಲಿ ಬಣ್ಣದ ಪುಸ್ತಿಕೆ.
ಬಸ್ಸು, ಹಾಸ್ಟೆಲ್ಲು ಆಮೇಲೆ ಕೇಳು ಅಂದೆ.
ಮೊದಲು ಒಪ್ಪಿಗೆ ಪತ್ರ ತೋರಿಸಿ ಅನ್ನು.
ನೀನು ಸೇರುವ ವರ್ಷದ್ದು. ಹಳೇದಲ್ಲ, "ಬರ್ತಾ ಇದೆ" ಅನ್ನೋದಲ್ಲ.
ಕೇಳಿದ್ದಕ್ಕೆ ನಕ್ಕರೆ ಎದ್ದು ಬಾ.
"ನಿಮ್ಮದೆಲ್ಲಕ್ಕಾ?" ಅಂತ ಗೋಡೆ ನೋಡಿದಳು.
ಗಾಜಿಗೆ ಧೂಳು ಹತ್ತಿತ್ತು. ಸ್ಟೂಲು ಎಳೆದುಕೊಂಡೆ.

ಪ್ರತಿ ಐದಕ್ಕೆ ವೀರಭದ್ರಯ್ಯನವರು ಬರುತ್ತಾರೆ.
ಮೀಸೆ ಈಗ ಪೂರ್ತಿ ಬಿಳಿ.
ಮಾಲೀಕರ ಕವರನ್ನು ಎಣಿಸದೆ ಜೇಬಿಗಿಟ್ಟು,
ಮೂವತ್ತು ದಿನದ ಸಹಿಯನ್ನು ಒಂದೇ ಕಾಫಿಯಲ್ಲಿ ಮುಗಿಸಿ,
ತಮ್ಮ ಬಿಪಿ ಮಾತ್ರೆಯನ್ನು ನನ್ನ ಮುಂದೆ ಹಿಡಿಯುತ್ತಾರೆ:
"ಚಂಪಮ್ಮ, ಇದು ಊಟಕ್ಕೆ ಮುಂಚೆಯೋ, ಆಮೇಲೋ?
ಹೊಸ ಡಾಕ್ಟರು ಏನೋ ಬದಲಾಯಿಸಿದಾರೆ."
ಎರಡು ಸಲ ಹೇಳುತ್ತೇನೆ. ಕವರಿನ ಬೆನ್ನಿಗೆ
ಒಂದು ಸೂರ್ಯ, ಒಂದು ಚಂದ್ರ ಬರೆದುಕೊಡುತ್ತೇನೆ.
ಸಿಟ್ಟು ಬರಲಿ ಅಂತ ಕಾಯುತ್ತೇನೆ. ಬರುವುದಿಲ್ಲ.

ಅವರು ಹೋದರೆ ನನ್ನ ಕೆಲಸವೂ ಹೋಗುತ್ತದೆ.
ಅದಕ್ಕೇ ಅವರ ಮಾತ್ರೆ ಒಂದೂ ತಪ್ಪದ ಹಾಗೆ ನೋಡಿಕೊಳ್ಳುತ್ತೇನೆ.
ಅದಕ್ಕೆ ಮಾತ್ರವೇ? ಗೊತ್ತಿಲ್ಲ.
ನಾಳೆ ಐದು.
ಹೊಸ ಸ್ಟ್ರಿಪ್ಪು ತೆಗೆದಿಟ್ಟಿದ್ದೇನೆ.